ಅಂಗೈಯಗಲ ಊರು, ಆಕಾಶದಗಲ ಚರ್ಚು

ಇಟಲಿಯ ಕಥೋಲಿಕ ಧರ್ಮಪ್ರಾಂತ್ಯಗಳ ಪಟ್ಟಿಯಲ್ಲಿರುವ ಚರ್ಚುಗಳ ಸಂಖ್ಯೆ 65,000ಕ್ಕೂ ಹೆಚ್ಚು. ದಿನಕ್ಕೊಂದರಂತೆ, ಹಬ್ಬ ಬಂದರೂ ಬಿಡದೆ, ಜ್ವರ ಬಂದರೂ ಬಿಡದೆ ನೋಡುತ್ತ ಹೋದರೆ ಪಟ್ಟಿ ಮುಗಿಯಲು 178 ವರ್ಷ ಬೇಕು. ಇಂದು ನೀವು ಶುರು ಮಾಡಿದ ಕೆಲಸವನ್ನು ನಿಮ್ಮ ಮರಿಮಗ ಮುಪ್ಪಿನಲ್ಲಿ ಮುಗಿಸಬೇಕು! ಅಷ್ಟು ಪುರುಸೊತ್ತಿಲ್ಲ ಎಂದು ದಿನಕ್ಕೆ ಹತ್ತರಂತೆ ಓಡೋಡಿ ನೋಡಿದರೂ ಹದಿನೆಂಟು ವರ್ಷಕ್ಕೆ ತುಸು ಕಡಿಮೆಯಷ್ಟೆ. ದೇಶದ ವಿಸ್ತೀರ್ಣ ಸುಮಾರು 3,02,000 ಚದರ ಕಿಲೋಮೀಟರ್. ಹಿಮ ಹೊದ್ದ ಆಲ್ಪ್ಸ್ ಶಿಖರಗಳನ್ನೂ ಕೆರೆಗಳನ್ನೂ ಕಾಡುಗಳನ್ನೂ ಸೇರಿಸಿಕೊಂಡೇ ಭಾಗಿಸಿದರೆ ಪ್ರತಿ ನಾಲ್ಕೂವರೆ ಚದರ ಕಿಲೋಮೀಟರಿಗೆ ಒಂದು ಚರ್ಚು.

ಈಗ ಇನ್ನೊಂದು ಲೆಕ್ಕ. ಇಟಲಿಯಲ್ಲಿ ಸ್ಥಳೀಯ ಆಡಳಿತವಿರುವ ಊರುಗಳು ಸುಮಾರು 7,900. ಅವುಗಳಲ್ಲಿ ಸುಮಾರು 5,500 ಊರುಗಳ ಜನಸಂಖ್ಯೆ ಐದು ಸಾವಿರವನ್ನೂ ಮುಟ್ಟುವುದಿಲ್ಲ. ಹತ್ತರಲ್ಲಿ ಏಳು ಊರು ಹೀಗೆ. ಬಹಳಷ್ಟು ಊರುಗಳು ಬೆಟ್ಟದ ನೆತ್ತಿಯ ಮೇಲೆ, ಕೋಟೆಗೋಡೆಯೊಳಗೆ, ಮನೆಗೆ ಮನೆ ಒತ್ತಿಕೊಂಡು ಕುಳಿತಿವೆ. ಕಾರು ನಿಲ್ಲಿಸಲೂ ಜಾಗವಿಲ್ಲದ ಆ ನೆತ್ತಿಯ ಮೇಲೆ ರಾಜಧಾನಿಗೂ ದೊಡ್ಡದಾಗಬಹುದಾದ ಕಟ್ಟಡಗಳು ನಿಂತಿರುವುದೇ ಇಲ್ಲಿನ ಸೋಜಿಗ. ಊರು ಎಷ್ಟು ಚಿಕ್ಕದೋ ಚರ್ಚು ಅಷ್ಟು ದೊಡ್ಡದು ಎಂಬ ನಿಯಮವೇನಾದರೂ ಇತ್ತೇ ಎಂದು ಅನುಮಾನ ಬರುವಷ್ಟು!

ಮೊದಲು ತೀರ ಚಿಕ್ಕ ಊರಿಗೆ ಹೋಗೋಣ. ರೋಮಿನ ಉತ್ತರಕ್ಕೆ ಸವೆಯುತ್ತಿರುವ ಮೆದುಗಲ್ಲಿನ ಗುಡ್ಡದ ಮೇಲೆ ಚಿವಿತಾ ದಿ ಬಾನ್ಯೊರೆಜೊ ಇದೆ. ವರ್ಷಪೂರ್ತಿ ಅಲ್ಲೇ ವಾಸಿಸುವವರು ಹತ್ತು ಹದಿನೈದು ಮಂದಿ. ಒಂದು ಟೆಂಪೊ ಟ್ರಾವೆಲರ್ ಬಂದರೆ ಇಡೀ ಊರನ್ನು ಕೂರಿಸಿಕೊಂಡು ಹೋಗಬಹುದು, ಆದರೆ ಟೆಂಪೊ ಅಲ್ಲಿಗೆ ಹೋಗಲಾರದು. ಊರು ಸೇರಲು ಇರುವುದು ಸುಮಾರು 300 ಮೀಟರ್ ಉದ್ದದ ಒಂದು ಕಾಲುಸೇತುವೆ ಮಾತ್ರ. ಈ ಹನ್ನೆರಡು ಹದಿಮೂರು ಜನರ ಪಾಲಿಗೆ ಸಂತ ದೊನಾತೊ ಹೆಸರಿನ ಒಂದು ಚರ್ಚಿದೆ. ಅದು ಒಂದು ಕಾಲಕ್ಕೆ ಬಿಷಪರ ಪೀಠವಿದ್ದ ಪ್ರಧಾನಾಲಯ! 1695ರ ಭೂಕಂಪದ ನಂತರ ಬಿಷಪರ ಪೀಠ ಸ್ಥಳಾಂತರಗೊಂಡಿತು, ಜನರೂ ಇಳಿದು ಹೋದರು, ಚರ್ಚು ಮಾತ್ರ ಕದಲಲಿಲ್ಲ. ನೋಡಲು ಬರುವವರ ಸಂಖ್ಯೆ ವರ್ಷಕ್ಕೆ ಐದು ಲಕ್ಷ ದಾಟಿದ್ದೂ ಉಂಟು. ಹಂಚಿದರೆ ಊರಿನ ಒಬ್ಬೊಬ್ಬರಿಗೆ ವರ್ಷಕ್ಕೆ ನಲವತ್ತು ಸಾವಿರ ಅತಿಥಿಗಳು, ದಿನಕ್ಕೆ ನೂರಕ್ಕೂ ಹೆಚ್ಚು. ನೂರು ಜನಕ್ಕೆ ದಿನವೂ ಕಾಫಿ ಕೊಡಬೇಕಾದ ಮನೆಯನ್ನು ಊಹಿಸಿಕೊಳ್ಳಿ.

ಅಲ್ಲಿಂದ ಹೆಚ್ಚು ದೂರವಿಲ್ಲದ ಮೊಂತೆಫಿಯಾಸ್ಕೋನೆಯಲ್ಲಿ ಜನ ಸುಮಾರು 13,000. ಅವರ ಪ್ರಧಾನಾಲಯದ ಗುಮ್ಮಟ 27 ಮೀಟರ್ ಅಗಲ. ಅದರ ನೆರಳಿನೊಳಗೆ ನಮ್ಮ 30-40ರ ಐದು ಸೈಟು ಹಿಡಿಸುತ್ತವೆ.

ಇನ್ನು ಉತ್ತರದ ಆಲ್ಪ್ಸ್ ತಪ್ಪಲಿನ ವರಾಲ್ಲೊ. ಜನಸಂಖ್ಯೆ ಸುಮಾರು 7,000. ಊರಿನ ಮೇಲಿನ ಗುಡ್ಡದಲ್ಲಿ 1491ರಲ್ಲಿ ಒಬ್ಬ ಫ್ರಾನ್ಸಿಸ್ಕನ್ ಸನ್ಯಾಸಿ ಒಂದು ಕೆಲಸ ಶುರು ಮಾಡಿದ. ಜೆರುಸಲೇಮಿಗೆ ಹೋಗಲಾಗದವರಿಗೆ ಜೆರುಸಲೇಮನ್ನೇ ಇಲ್ಲಿಗೆ ತರಬೇಕು ಎಂಬುದು ಅವನ ಹಂಬಲ. ಇಂದು ಅಲ್ಲಿ ಒಂದು ಬಸಿಲಿಕ, 45 ಗುಡಿಗಳು, ಅವುಗಳೊಳಗೆ ಆಳೆತ್ತರದ 800ಕ್ಕೂ ಹೆಚ್ಚು ಮಣ್ಣಿನ, ಮರದ ಪ್ರತಿಮೆಗಳು! ಊರಿನ ಪ್ರತಿ ಒಂಬತ್ತು ಜನಕ್ಕೆ ಒಂದು ಪ್ರತಿಮೆ. ಆ 800 ಮಂದಿ ಎದ್ದು ಬಂದರೆ ಹದಿನಾರು ಬಸ್ಸು ತುಂಬುತ್ತದೆ. ಗೋಡೆಗಳ ಮೇಲೆ ಬರೆದವರ ಲೆಕ್ಕ ಬೇರೆ, ಅವರು ಸಾವಿರಗಟ್ಟಲೆ.

ಸೈಟಿನ ಮಾತು ಬಂತಲ್ಲ, ಒಂದು ಸೈಟಿನ ಮೂರನೆಯ ಒಂದು ಭಾಗದಷ್ಟೇ ಇರುವ ಮನೆಯೊಂದನ್ನು ನೋಡಲು ಏಳು ಶತಮಾನಗಳಿಂದ ಜನ ಬೆಟ್ಟ ಹತ್ತುತ್ತಿದ್ದಾರೆ. ಆಡ್ರಿಯಾಟಿಕ್ ಸಮುದ್ರದ ಹತ್ತಿರದ ಲೊರೆಟೊ ಊರಿನ ಬಸಿಲಿಕದೊಳಗೆ ಕಲ್ಲಿನ ಒಂದು ಕೋಣೆ ಇದೆ. ಉದ್ದ ಒಂಬತ್ತೂವರೆ ಮೀಟರ್, ಅಗಲ ನಾಲ್ಕು ಮೀಟರ್, ಮೂಲಗೋಡೆಗಳು ಮೂರೇ. ಇದು ನಜರೇತಿನಲ್ಲಿ ಮಾತೆ ಮರಿಯಳು ಬಾಳಿದ ಮನೆ, ದೇವದೂತರು ಎತ್ತಿಕೊಂಡು ಹಾರಿ ಬಂದು 1294ರ ಡಿಸೆಂಬರ್ 10ರಂದು ಇಲ್ಲಿಳಿಸಿದರು ಎಂಬುದು ಭಕ್ತರ ನಂಬಿಕೆ. ನಜರೇತಿನಿಂದ ಲೊರೆಟೊಗೆ ನೇರ ಗೆರೆಯಲ್ಲಿ ಅಳೆದರೂ ಸುಮಾರು 2,200 ಕಿಲೋಮೀಟರ್. ಬೆಂಗಳೂರಿನಿಂದ ದಿಲ್ಲಿಗೆ ರಸ್ತೆಯಲ್ಲಿ ಹೋದಷ್ಟು ದೂರವನ್ನು ಒಂದು ಮನೆ ದಾಟಿತು ಎಂಬ ಕಥೆ! 1920ರಲ್ಲಿ ಹದಿನೈದನೇ ಬೆನೆಡಿಕ್ಟ್ ಪೋಪರು ಲೊರೆಟೊದ ಮಾತೆಯನ್ನು ವಿಮಾನ ಹಾರಿಸುವವರ ಪಾಲಕಿ ಎಂದು ಘೋಷಿಸಿದರು. ಇದಕ್ಕಿಂತ ಒಪ್ಪುವ ಘೋಷಣೆ ನನಗಂತೂ ಹೊಳೆಯದು. ಕೋಣೆಯ ಸುತ್ತ ಅಮೃತಶಿಲೆಯ ಮೆಟ್ಟಿಲಿದೆ. ಮೊಣಕಾಲೂರಿ ಪ್ರದಕ್ಷಿಣೆ ಬಂದವರ ಮಂಡಿಗಳು ಆ ಕಲ್ಲಿನಲ್ಲಿ ಎರಡು ಕಾಲುವೆಗಳನ್ನು ಕೊರೆದಿವೆ. ಉಳಿಯಲ್ಲ, ಸುತ್ತಿಗೆಯಲ್ಲ, ಮಂಡಿ! 1581ರಲ್ಲಿ ಫ್ರಾನ್ಸಿನ ಲೇಖಕ ಮೊಂತೇನ್ ಬಂದ, 1618ರಲ್ಲಿ ಗೆಲಿಲಿಯೊ ಬಂದ. ಹೆಸರಿಲ್ಲದೆ ಬಂದವರನ್ನು ಲೆಕ್ಕ ಇಟ್ಟಿರುವುದು ಆ ಕಲ್ಲೊಂದೇ.

ಲೊರೆಟೊದಲ್ಲಿ ಮನೆ ಹಾರಿತು ಎನ್ನುತ್ತಾರೆ, ಗುಬ್ಬಿಯೊದಲ್ಲಿ ಜನ ಹಾರುತ್ತಾರೆ. ಉಂಬ್ರಿಯಾ ಪ್ರಾಂತ್ಯದ ಈ ಊರಿನ ಪಾಲಕ ಸಂತ ಉಬಾಲ್ದೊ 1160ರಲ್ಲಿ ತೀರಿಕೊಂಡರು. ಅವರ ದೇಹ ಊರಿನ ಮೇಲಿನ ಇಂಜಿನೊ ಬೆಟ್ಟದ ಬಸಿಲಿಕದಲ್ಲಿದೆ. ಪ್ರತಿ ಮೇ 15ರಂದು ಮೂರು ದೈತ್ಯ ಮರದ ಕಂಬಗಳನ್ನು, ಒಂದೊಂದರ ತೂಕ ಸುಮಾರು 280 ಕೆ.ಜಿ., ಹೆಗಲ ಮೇಲೆ ಹೊತ್ತು ಆ ಬೆಟ್ಟ ಹತ್ತುತ್ತಾರೆ. ನಡೆದುಕೊಂಡಲ್ಲ, ಓಡಿಕೊಂಡು! ಊರಿನಿಂದ ಬಸಿಲಿಕಕ್ಕೆ ಏರು ಸುಮಾರು 300 ಮೀಟರ್. ಐದಾರು ಅಕ್ಕಿ ಮೂಟೆ ಒಟ್ಟಿಗೆ ಹೊತ್ತು ನೂರು ಅಂತಸ್ತಿನ ಕಟ್ಟಡಕ್ಕೆ ಓಡಿ ಹತ್ತಿದ ಹಾಗೆ. ಹೆಗಲು ಬದಲಾಗುತ್ತದೆ, ಓಟ ನಿಲ್ಲುವುದಿಲ್ಲ. ಇದು ಎಂಟೂವರೆ ಶತಮಾನಗಳ ನೆನಪಿನ ಓಟ. ಸಾಲದೆಂಬಂತೆ 1981ರಿಂದ ಅದೇ ಬೆಟ್ಟದ ಇಳಿಜಾರಿನ ಮೇಲೆ ದೀಪಗಳಿಂದಲೇ ಕ್ರಿಸ್ಮಸ್ ಮರ ಬಿಡಿಸುತ್ತಾರೆ. ಬುಡ ಊರಿನ ಕೋಟೆಗೋಡೆಯಲ್ಲಿ, ನಕ್ಷತ್ರ ಬಸಿಲಿಕದ ಬಳಿ, ನಡುವೆ 650 ಮೀಟರಿಗೂ ಹೆಚ್ಚು ಉದ್ದ. ಒಂದರ ತಲೆಯ ಮೇಲೊಂದು ಐಫೆಲ್ ಗೋಪುರವನ್ನು ನಿಲ್ಲಿಸಿದರೆ ಅದರ ಸಮಕ್ಕೆ ಬಂದೀತು. 1991ರಲ್ಲಿ ಗಿನ್ನೆಸ್ ಪುಸ್ತಕ ಅದನ್ನು ಜಗತ್ತಿನ ಅತಿ ದೊಡ್ಡ ಕ್ರಿಸ್ಮಸ್ ಮರ ಎಂದು ದಾಖಲಿಸಿತು.

ಇನ್ನು ವೇಗದ ಮಾತು. ತೊಸ್ಕಾನಾದ ಪಿಯೆಂಜಾ ಇಂದಿಗೂ ಸುಮಾರು ಎರಡು ಸಾವಿರ ಜನರ ಊರು. ಅದಕ್ಕೆ ಮೊದಲು ಕೊರ್ಸಿಞಾನೊ ಎಂಬ ಹೆಸರಿತ್ತು. ಅಲ್ಲಿ ಹುಟ್ಟಿದ ಒಬ್ಬ ಹುಡುಗ ಬೆಳೆದು ಎರಡನೇ ಪಿಯುಸ್ ಪೋಪರಾದ. 1459ರಲ್ಲಿ ಹುಟ್ಟೂರಿನ ಕೆಲಸ ಹಿಡಿದ ಅವರು 1462ರ ಆಗಸ್ಟಿನಲ್ಲಿ ಹೊಸ ಪ್ರಧಾನಾಲಯವನ್ನು ಪ್ರತಿಷ್ಠೆ ಮಾಡಿಬಿಟ್ಟರು. ಮೂರು ವರ್ಷ! ಒಂದು ಮೇಲ್ಸೇತುವೆಗೆ ನಾವು ಕಾಯುವ ಹೊತ್ತಿನಲ್ಲಿ ಚೌಕ, ಅರಮನೆ, ಪ್ರಧಾನಾಲಯ ಎಲ್ಲವೂ ಎದ್ದವು. ವಾಸ್ತುಶಿಲ್ಪಿ ಬೆರ್ನಾರ್ದೊ ರೊಸ್ಸೆಲ್ಲಿನೊ ಕೊಟ್ಟ ಅಂದಾಜು 18,000 ಚಿನ್ನದ ನಾಣ್ಯ, ಆದ ಖರ್ಚು 50,000ಕ್ಕೂ ಹೆಚ್ಚು. ಒಂದು ನಾಣ್ಯ ಮೂರೂವರೆ ಗ್ರಾಂ ಎಂದು ಹಿಡಿದರೆ 175 ಕೆ.ಜಿ. ಚಿನ್ನ. ಅಂದಾಜು ಇಷ್ಟು ಹಾರಿದರೆ ಯಾವ ಕಂತ್ರಾಟುದಾರನಾದರೂ ತಲೆಮರೆಸಿಕೊಳ್ಳಬೇಕು. ಪೋಪರು ಆತನನ್ನು ಕರೆಸಿದರು, ಹೊಗಳಿದರು, ಮೇಲೆ 100 ನಾಣ್ಯ ಮತ್ತು ಕಡುಗೆಂಪು ನಿಲುವಂಗಿ ಕೊಟ್ಟು ಕಳಿಸಿದರು! ಈ ಸಂಗತಿಯನ್ನು ಬರೆದಿಟ್ಟವರು ಸ್ವತಃ ಆ ಪೋಪರೇ.

ಅಸ್ಸಿಸಿಗೆ ಬಂದರೆ ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ. ಸಂತ ಫ್ರಾನ್ಸಿಸ್ ತೀರಿಕೊಂಡದ್ದು 1226ರ ಅಕ್ಟೋಬರ್ 3ರಂದು. ಸಂತ ಪದವಿ ಘೋಷಣೆಯಾದದ್ದು 1228ರ ಜುಲೈ 16ರಂದು, ಎರಡು ವರ್ಷವೂ ತುಂಬುವ ಮೊದಲೇ. ಮರುದಿನವೇ ಬಸಿಲಿಕದ ಅಡಿಗಲ್ಲು! 1230ರ ಮೇ 25ರ ಹೊತ್ತಿಗೆ ಸಂತನ ದೇಹವನ್ನು ಇರಿಸುವಷ್ಟು ಕಟ್ಟಡ ಬೆಟ್ಟದ ಕಡಿದಾದ ಅಂಚಿನಲ್ಲಿ ಎದ್ದಿತ್ತು. ಸಾವಿನಿಂದ ಸಮಾಧಿಯವರೆಗೆ 44 ತಿಂಗಳು. ದೇಹವನ್ನು ಯಾರೂ ಕದಿಯಬಾರದೆಂದು ಎಷ್ಟು ಆಳದಲ್ಲಿ, ಎಷ್ಟು ಭದ್ರವಾಗಿ ಹುದುಗಿಸಿದರೆಂದರೆ ಮುಂದೆ ಅದು ಎಲ್ಲಿದೆ ಎಂಬುದೇ ಮರೆತುಹೋಯಿತು. ಹುಡುಕಿ ತೆಗೆದದ್ದು 1818ರಲ್ಲಿ, ಗುಟ್ಟಾಗಿ 52 ರಾತ್ರಿ ಅಗೆದು. ನಡುವೆ ಕಳೆದದ್ದು 588 ವರ್ಷ, ಎರಡು ಲಕ್ಷ ಹದಿನಾಲ್ಕು ಸಾವಿರಕ್ಕೂ ಹೆಚ್ಚು ದಿನ. ಅಷ್ಟು ದಿನವೂ ಯಾತ್ರಿಕರು ಬಂದರು, ಪ್ರಾರ್ಥಿಸಿದರು, ತಾವು ಹುಡುಕಿಕೊಂಡು ಬಂದವನ ಮೇಲೆಯೇ ನಿಂತು ಹಿಂತಿರುಗಿದರು. 588 ವರ್ಷದ ಗುಟ್ಟು 52 ರಾತ್ರಿಗೆ ಸೋತಿತು!

ಅದೇ ಬಸಿಲಿಕದ ಮೇಲೆ 1997ರ ಸೆಪ್ಟೆಂಬರ್ 26 ಎರಗಿತು. ನಸುಕಿಗೂ ಮೊದಲೊಂದು ಕಂಪನ, ಮಧ್ಯಾಹ್ನಕ್ಕೆ ತುಸು ಮೊದಲು ಹಾನಿ ನೋಡಲು ತಜ್ಞರೂ ಸನ್ಯಾಸಿಗಳೂ ಒಳಗಿದ್ದಾಗ ಎರಡನೆಯದು. ಮೇಲ್ಚಾವಣಿ ಕುಸಿದು ನಾಲ್ವರು ಸತ್ತರು. ಏಳು ಶತಮಾನ ಹಳೆಯ ಭಿತ್ತಿಚಿತ್ರಗಳು ನೆಲಕ್ಕೆ ಬಿದ್ದು ಮೂರು ಲಕ್ಷಕ್ಕೂ ಹೆಚ್ಚು ಚೂರಾದವು. ಚಿಮಾಬುಯೆ ಬರೆದ ಸಂತ ಮತ್ತಾಯನ ಒಂದೇ ಚಿತ್ರ ಸುಮಾರು 1,20,000 ಚೂರು! ಕೆಲವು ಅಂಗೈಯಷ್ಟು, ಕೆಲವು ಹುಣಸೆ ಬೀಜದಷ್ಟು. ಚೂರೊಂದಕ್ಕೆ ಒಂದೇ ನಿಮಿಷ ಎಂದು ಹಿಡಿಯಿರಿ: ಎತ್ತಿ, ನೋಡಿ, ಬಣ್ಣ ಗುರುತಿಸಿ, ಇಡಲು ಒಂದು ನಿಮಿಷ. ಮೂರು ಲಕ್ಷ ನಿಮಿಷವೆಂದರೆ 5,000 ಗಂಟೆ. ದಿನಕ್ಕೆ ಎಂಟು ಗಂಟೆ ದುಡಿಯುವ ಒಬ್ಬನಿಗೆ ರಜೆಯಿಲ್ಲದೆ 625 ದಿನ. ಒಂದು ನಿಮಿಷಕ್ಕೆ ಒಂದು ಚೂರು ಎಲ್ಲಿ ಹೊಂದುತ್ತದೆ? ಆಕಾಶದ ನೀಲಿಯ ಒಂದು ಚೂರಿಗೆ ಅಂಥದ್ದೇ ಸಾವಿರ ನೀಲಿ ಚೂರುಗಳು ಸಾಕ್ಷಿ ಹೇಳಲು ಬಂದು ನಿಂತಿರುತ್ತವೆ. ಆದರೂ ಎರಡು ವರ್ಷ ಎರಡು ತಿಂಗಳಲ್ಲಿ, 1999ರ ನವೆಂಬರಿನಲ್ಲಿ, ಮೇಲಿನ ಬಸಿಲಿಕದ ಬಾಗಿಲು ಮತ್ತೆ ತೆರೆಯಿತು. ಚೂರು ಜೋಡಿಸುವ ಕೆಲಸ ಅದರ ನಂತರವೂ ವರ್ಷಗಟ್ಟಲೆ ನಡೆಯಿತು. ಈ ಬರಹದಲ್ಲಿ ಬರುವ ಅಂಕಿಗಳಲ್ಲಿ ನನ್ನನ್ನು ಅತಿ ಹೆಚ್ಚು ತಡೆದು ನಿಲ್ಲಿಸುವುದು ಈ ಮೂರು ಲಕ್ಷವೇ. ಬೇರೆಲ್ಲ ಸಂಖ್ಯೆಗಳು ಕಟ್ಟಿದವರ ಹೆಮ್ಮೆಯವು, ಇದು ಬಗ್ಗಿ ಆಯ್ದವರ ತಾಳ್ಮೆಯದು.

ಬೆಟ್ಟ ಇಳಿದು ಬುಡಕ್ಕೆ ಬಂದರೆ ಇನ್ನೊಂದು ಅಳತೆ ಕಾದಿದೆ. ಫ್ರಾನ್ಸಿಸ್ ಕೈಯಾರೆ ದುರಸ್ತಿ ಮಾಡಿದ ಪೊರ್ಜಿಯುಂಕೊಲಾ ಎಂಬ ಪುಟ್ಟ ಗುಡಿ ಸುಮಾರು ಏಳು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. ನಮ್ಮ ಸೈಟಿನ ಕಾಲು ಭಾಗ, ಒಂದು ದೊಡ್ಡ ಹಜಾರ ಅಷ್ಟೆ. ಅದಕ್ಕೆ ಬಿಸಿಲು ಮಳೆ ತಾಗದಿರಲೆಂದು 1569ರಲ್ಲಿ ಅದರ ಮೇಲೆ ಒಂದು ಹೊದಿಕೆ ಕಟ್ಟಲು ಹೊರಟರು. ಹೊದಿಕೆ ಮುಗಿದದ್ದು 1679ರಲ್ಲಿ, 110 ವರ್ಷಕ್ಕೆ. ಅಳತೆ: 126 ಮೀಟರ್ ಉದ್ದ, 65 ಮೀಟರ್ ಅಗಲ! ಗುಡಿಯ ಮೇಲೆ ಬಸಿಲಿಕ, ಸಾಂತಾ ಮರಿಯಾ ದೆಲ್ಯಿ ಆಂಜೆಲಿ. ಒಳಗಿನ ಗುಡಿಯಂಥ ಇನ್ನೂರ ತೊಂಬತ್ತು ಗುಡಿಗಳನ್ನು ಪಕ್ಕಪಕ್ಕ ಜೋಡಿಸಿದರೆ ಹೊರಗಿನದರ ನೆಲ ತುಂಬುತ್ತದೆ. ಬಡತನವನ್ನೇ ಮದುವೆಯಾದೆ ಎಂದು ಬದುಕಿದವನ ಗುಡಿಗೆ ಎಪ್ಪತ್ತಮೂರು ಸೈಟಿನಷ್ಟು ಸೂರು!

110 ವರ್ಷ ದೊಡ್ಡದೆನಿಸಿತೇ? ತೋಡಿ ಎಂಬ ಬೆಟ್ಟದೂರಿನ ಕೊನ್ಸೊಲಾಜಿಯೋನೆ ಚರ್ಚೂ ಹತ್ತಿರ ಹತ್ತಿರ ಅಷ್ಟೇ, 1508ರಿಂದ 1607ರವರೆಗೆ, 99 ವರ್ಷ ತೆಗೆದುಕೊಂಡಿತು. ಇವೆರಡನ್ನೂ ಮೀರಿಸಿದ್ದು ಒರ್ವಿಯೆಟೊ. ಬಯಲಿನ ನಡುವೆ ಕಡಿದ ಬೆಲ್ಲದಚ್ಚಿನಂತೆ ನಿಂತ ಬಂಡೆಯ ಮೇಲಿನ ಈ ಊರಿನಲ್ಲಿ 1290ರ ನವೆಂಬರಿನಲ್ಲಿ ನಾಲ್ಕನೇ ನಿಕೊಲಾಸ್ ಪೋಪರು ಪ್ರಧಾನಾಲಯದ ಅಡಿಗಲ್ಲಿಟ್ಟರು. ಕಟ್ಟುತ್ತ ಕಟ್ಟುತ್ತ ಹದಿನಾಲ್ಕನೆಯ ಶತಮಾನ ಮುಗಿಯಿತು, ಹದಿನೈದು ಮುಗಿಯಿತು, ಹದಿನಾರೂ ಮುಗಿಯುತ್ತ ಬಂತು. ಹತ್ತಿರ ಹತ್ತಿರ 300 ವರ್ಷ, ಹನ್ನೆರಡು ತಲೆಮಾರು! ಅಡಿಗಲ್ಲು ಬಿದ್ದಾಗ ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದರು, ವಿಜಯನಗರ ಎಂಬ ಹೆಸರೇ ಹುಟ್ಟಿರಲಿಲ್ಲ. 1336ರಲ್ಲಿ ವಿಜಯನಗರ ಹುಟ್ಟಿತು, ಕೃಷ್ಣದೇವರಾಯ ಬಂದ, ಹೋದ, 1565ರಲ್ಲಿ ಹಂಪೆ ಹಾಳಾಯಿತು. ಒರ್ವಿಯೆಟೊದ ಮುಂಗೋಡೆಯ ಮೇಲೆ ಆಗಲೂ ಕೆಲಸ ಬಾಕಿಯಿತ್ತು. ಒಂದು ಸಾಮ್ರಾಜ್ಯದ ಹುಟ್ಟು, ಮೆರವಣಿಗೆ, ಮಣ್ಣು ಎಲ್ಲವೂ ಒಂದು ಚರ್ಚಿನ ಕಟ್ಟಡ ಕಾಮಗಾರಿಯೊಳಗೆ ಹಿಡಿಸಿಬಿಟ್ಟವು!

ದುಡಿದವರ ಲೆಕ್ಕವನ್ನೂ ಹೇಳುತ್ತಾರೆ: 33 ವಾಸ್ತುಶಿಲ್ಪಿಗಳು, 152 ಶಿಲ್ಪಿಗಳು, 68 ಚಿತ್ರಕಾರರು, 90 ಮೊಸಾಯಿಕ್ ಕಲಾವಿದರು. ಒಟ್ಟು 343 ಕಲಾವಿದರು. ಕಲ್ಲು ಹೊತ್ತವರು, ಸುಣ್ಣ ಕಲಸಿದವರು, ಹಗ್ಗ ಎಳೆದವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಮೊದಲ ಶಿಲ್ಪಿಯ ಮೊಮ್ಮಗನ ಮೊಮ್ಮಗನೂ ಪೂರ್ತಿಯಾದ ಮುಂಗೋಡೆಯನ್ನು ಕಣ್ಣಾರೆ ಕಂಡಿರಲಾರ. ಒಳಗಿನ ಒಂದೇ ಒಂದು ಪ್ರಾರ್ಥನಾ ಕೋಣೆಯ ಚಿತ್ರಗಳನ್ನು ಫ್ರಾ ಆಂಜೆಲಿಕೊ 1447ರಲ್ಲಿ ಶುರು ಮಾಡಿ ಬಿಟ್ಟುಹೋದ. ಲೂಕಾ ಸಿನ್ಯೊರೆಲ್ಲಿ ಬಂದು ಕುಂಚ ಹಿಡಿದದ್ದು 1499ರಲ್ಲಿ, ಮುಗಿಸಿದ್ದು 1504ರಲ್ಲಿ. ಒಂದು ಕೋಣೆಗೆ ಬಣ್ಣ ಹಚ್ಚಲು 57 ವರ್ಷ, ಅದರಲ್ಲಿ 52 ವರ್ಷ ಬರೀ ಕಾಯುವಿಕೆ!

ಒರ್ವಿಯೆಟೊ ನೆಲದ ಮೇಲೆ ಮಾತ್ರ ದೊಡ್ಡದಲ್ಲ. 1527ರಲ್ಲಿ ರೋಮ್ ನಗರ ಲೂಟಿಯಾದಾಗ ಏಳನೇ ಕ್ಲೆಮೆಂಟ್ ಪೋಪರು ಓಡಿ ಬಂದು ಆಶ್ರಯ ಪಡೆದದ್ದು ಇಲ್ಲೇ. ಮುತ್ತಿಗೆ ಬಿದ್ದರೆ ನೀರಿಗೇನು ಗತಿ ಎಂದು ಅವರು ಬಾವಿ ತೋಡಿಸಿದರು. ಆಳ 50 ಮೀಟರಿಗೂ ಹೆಚ್ಚು, ಅಗಲ 13 ಮೀಟರ್. ಹದಿನೇಳು ಅಂತಸ್ತಿನ ಕಟ್ಟಡವನ್ನು ತಲೆಕೆಳಗಾಗಿ ನೆಲದೊಳಗೆ ಹೂತ ಹಾಗೆ. ಇಳಿಯಲು 248 ಮೆಟ್ಟಿಲು, ಹತ್ತಲು ಬೇರೆಯೇ 248 ಮೆಟ್ಟಿಲು. ಇಳಿಯುವ ಹೇಸರಗತ್ತೆ ಹತ್ತುವ ಹೇಸರಗತ್ತೆಯ ಮುಖವನ್ನೇ ನೋಡುವುದಿಲ್ಲ! 1537ಕ್ಕೆ ಬಾವಿ ಮುಗಿಯಿತು. ಅಷ್ಟರಲ್ಲಿ ಪೋಪರು ತೀರಿಕೊಂಡು ಮೂರು ವರ್ಷವಾಗಿತ್ತು. ಊರಿನ ಅಡಿಯ ಮೆದುಗಲ್ಲಿನಲ್ಲಿ ಕೊರೆದ ಗವಿಗಳು, ಸುರಂಗಗಳು ಬೇರೆ 1,200ರಷ್ಟಿವೆ. ಸುಮಾರು ಇಪ್ಪತ್ತು ಸಾವಿರ ಜನರ ಊರಿನಲ್ಲಿ ಹದಿನೇಳು ಜನಕ್ಕೊಂದು ಗವಿ, ಎಲ್ಲರ ತಲೆಯ ಮೇಲೆ ಒಂದು ಪ್ರಧಾನಾಲಯ.

ಕಲ್ಲಿನ ಲೆಕ್ಕ ಸಾಕು, ಚಿನ್ನದ ಲೆಕ್ಕಕ್ಕೆ ಬರೋಣ. ಸಿಸಿಲಿ ದ್ವೀಪದ ಪಲೆರ್ಮೊ ನಗರದ ಮೇಲುಗಡೆ, ಬೆಟ್ಟದ ಇಳಿಜಾರಿನಲ್ಲಿ ಮೊನ್ರೆಯಾಲೆ ಇದೆ. ಸುಮಾರು 1174ರಲ್ಲಿ ಎರಡನೇ ವಿಲಿಯಂ ಎಂಬ ದೊರೆ ಅಲ್ಲಿ ಒಂದು ಪ್ರಧಾನಾಲಯ ಕಟ್ಟಿಸಲು ಹೊರಟ. ಆಗ ಅವನ ವಯಸ್ಸು ಇಪ್ಪತ್ತರ ಆಸುಪಾಸು. ಒಳಗೋಡೆಗಳ ಮೇಲೆ ಮೊಸಾಯಿಕ್ ಹರಡಿರುವ ಜಾಗ ಸುಮಾರು 6,400 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಐವತ್ತೇಳು ಸೈಟು, ಅಂದರೆ ಒಂದು ಇಡೀ ಬಡಾವಣೆಯನ್ನು ಎತ್ತಿ ಗೋಡೆಗೆ ಅಂಟಿಸಿದ ಹಾಗೆ! ಅದಕ್ಕೆ ಹಿಡಿದ ಚಿನ್ನ 2,200 ಕೆ.ಜಿ. ಎನ್ನುತ್ತಾರೆ. ಬೆಳೆಯುತ್ತಿರುವ ಒಂದು ಆನೆಯ ತೂಕ. ಅಷ್ಟನ್ನೂ ಕರಗಿಸಿ ಒಂದು ಕಡೆ ಸುರಿದರೆ ಎಷ್ಟಾದೀತು? ನೀರು ತುಂಬಿಡುವ 200 ಲೀಟರಿನ ಡ್ರಮ್ಮಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ. ಅಷ್ಟು ಚಿನ್ನವನ್ನು ಬಡಾವಣೆಯಗಲಕ್ಕೆ ಹರಡಿದ್ದಾರೆ! ಭಾಗಿಸಿ ನೋಡಿದೆ: ಚದರಡಿಗೆ 32 ಗ್ರಾಂ, ನಾಲ್ಕು ಪವನು. ಮಗಳ ಮದುವೆಗೆ ನಾಲ್ಕು ಪವನು ಕೂಡಿಸಲು ಒದ್ದಾಡಿದ ಯಾರಿಗಾದರೂ ಈ ಸಂಖ್ಯೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಂದೊಂದು ಚದರಡಿಯಲ್ಲೂ ಒಂದು ಮದುವೆ ಇದೆ, ಅಂಥವು 68,000ಕ್ಕೂ ಹೆಚ್ಚು!

ಚಿನ್ನಕ್ಕಿಂತ ನನಗೆ ದಿಗಿಲು ಹುಟ್ಟಿಸುವುದು ಕೈಕೆಲಸ. ಮೊಸಾಯಿಕ್ಕಿನ ಒಂದು ಹರಳು ಒಂದು ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಟ್ಟು 6 ಕೋಟಿ 40 ಲಕ್ಷ ಹರಳು. ಕಣ್ಣು ಮಿಟುಕಿಸದೆ ಸೆಕೆಂಡಿಗೊಂದು ಕೂರಿಸಿದರೂ, ದಿನಕ್ಕೆ ಎಂಟು ಗಂಟೆಯಂತೆ, ಒಬ್ಬನಿಗೆ ಆರು ವರ್ಷ ಬೇಕು. ಸೆಕೆಂಡಿಗೊಂದು ಯಾರಿಂದ ಸಾಧ್ಯ? ನಿಮಿಷಕ್ಕೊಂದು ಎನ್ನಿ, 365 ವರ್ಷ! ದೊರೆ ವಿಲಿಯಂ 1189ರಲ್ಲಿ, ನಲವತ್ತೂ ತುಂಬದೆ ತೀರಿಕೊಂಡ. ಅವನ ಹದಿನೈದು ವರ್ಷಗಳಲ್ಲಿ ಕಟ್ಟಡ ಬಹುಪಾಲು ಎದ್ದು ನಿಂತಿತ್ತು. ಪಕ್ಕದ ಮಠದ ಅಂಗಳದ ಸುತ್ತ 228 ಪುಟ್ಟ ಕಂಬಗಳು ಜೋಡಿ ಜೋಡಿಯಾಗಿ ನಿಂತಿವೆ, ಅವುಗಳ ತಲೆಯ ಕೆತ್ತನೆ ಒಂದರಂತೆ ಇನ್ನೊಂದಿಲ್ಲ.

ದೊಡ್ಡದನ್ನು ಕಟ್ಟುವುದು ಒಂದು, ಬಿದ್ದದ್ದನ್ನು ಮತ್ತೆ ಮತ್ತೆ ಎತ್ತುವುದು ಇನ್ನೊಂದು. ಕಸ್ಸಿನೊ ಊರಿನ ಮೇಲೆ, 520 ಮೀಟರ್ ಎತ್ತರದಲ್ಲಿ, ಸಂತ ಬೆನೆಡಿಕ್ಟ್ ಸುಮಾರು 529ರಲ್ಲಿ ಮೊಂತೆ ಕಸ್ಸಿನೊ ಮಠ ಕಟ್ಟಿದ. ನಮ್ಮ ಬಾದಾಮಿ ಗುಹೆಗಳಿಗೆ ಉಳಿ ಬೀಳುವ ಮೊದಲಿನ ಮಾತು. ಆರನೇ ಶತಮಾನದಲ್ಲೇ ಲೊಂಬಾರ್ಡರು ಕೆಡವಿದರು, ಕಟ್ಟಿದರು. 883ರಲ್ಲಿ ಸಾರಾಸೆನರು ಸುಟ್ಟರು, ಕಟ್ಟಿದರು. 1349ರಲ್ಲಿ ಭೂಕಂಪ ಬೀಳಿಸಿತು, ಕಟ್ಟಿದರು. 1944ರ ಫೆಬ್ರವರಿ 15ರಂದು ಮಿತ್ರಪಕ್ಷಗಳ 229 ಬಾಂಬರ್ ವಿಮಾನಗಳು ಬಂದು ಸುಮಾರು 1,150 ಟನ್ ಬಾಂಬು ಸುರಿದವು. ಒಂದು ಬೆಟ್ಟದ ತುದಿಯ ಮೇಲೆ, ಒಂದೇ ದಿನ, ಆಕಾಶದಿಂದ 280 ಆನೆ ಬಿದ್ದಷ್ಟು ತೂಕ! 1,415 ವರ್ಷದ ಜಾಗ ಸಂಜೆಯೊಳಗೆ ಕಲ್ಲುರಾಶಿ. ಪುಣ್ಯಕ್ಕೆ ಸುಮಾರು 1,400 ಅಮೂಲ್ಯ ಹಸ್ತಪ್ರತಿಗಳನ್ನು ತಿಂಗಳುಗಳ ಮೊದಲೇ ಲಾರಿಗಳಲ್ಲಿ ಸಾಗಿಸಿಬಿಟ್ಟಿದ್ದರು, ಮಠದ ವಯಸ್ಸಿನ ವರ್ಷಕ್ಕೊಂದರಂತೆ ಎನ್ನಬಹುದಾದಷ್ಟು. ಮತ್ತೆ ಕಟ್ಟಿದರು. 1964ರಲ್ಲಿ ಆರನೇ ಪೌಲ್ ಪೋಪರು ಬಂದು ಹೊಸ ಕಟ್ಟಡವನ್ನು ಪ್ರತಿಷ್ಠೆ ಮಾಡಿದರು. ನಾಲ್ಕು ಸಾರಿ ಬಿದ್ದದ್ದು, ಐದನೆಯ ಬಾರಿಗೆ ನಿಂತಿದೆ.

ಆ ಬೆಟ್ಟಕ್ಕಾಗಿ ಹೋರಾಡಿದವರಲ್ಲಿ ಭಾರತದ 4ನೇ ಡಿವಿಜನ್ ಇತ್ತು. ಕಸ್ಸಿನೊದ ಯುದ್ಧ ಸ್ಮಶಾನದಲ್ಲಿ ಕಾಮನ್‌ವೆಲ್ತ್ ದೇಶಗಳ 4,271 ಯೋಧರು ಮಲಗಿದ್ದಾರೆ, ಭಾರತೀಯರೂ ಸೇರಿ. 1944ರಲ್ಲೇ ಜುಲೈ 10ರಂದು ಉಂಬ್ರಿಯಾದ ಟೈಬರ್ ಕಣಿವೆಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಯಶವಂತ ಘಾಡ್ಗೆ 22ನೇ ವಯಸ್ಸಿನಲ್ಲಿ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದರು. ಆ ರೆಜಿಮೆಂಟಿನ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ. ಉಂಬ್ರಿಯಾದ ಮೊಂತೋನೆ ಎಂಬ ಬೆಟ್ಟದೂರು 2023ರಲ್ಲಿ ಘಾಡ್ಗೆ ಅವರ ಹೆಸರಿನಲ್ಲಿ ನೆರಳುಗಡಿಯಾರದ ಸ್ಮಾರಕ ನಿಲ್ಲಿಸಿತು. ಎರಡು ಸಾವಿರ ಜನವೂ ಇಲ್ಲದ ಊರು ಆರು ಸಾವಿರ ಕಿಲೋಮೀಟರ್ ಆಚೆಯ ಒಬ್ಬ ಹುಡುಗನನ್ನು 79 ವರ್ಷ ನೆನಪಿಟ್ಟುಕೊಂಡಿತು.

ವಯಸ್ಸಿನಲ್ಲಿ ಇವೆಲ್ಲಕ್ಕೂ ಹಿರಿಯದು ಅಸ್ಸಿಸಿಯ ಮುಖ್ಯ ಚೌಕದಲ್ಲಿದೆ. ಬಸಿಲಿಕದಿಂದ ನಡೆದು ಹತ್ತು ಹದಿನೈದು ನಿಮಿಷ. ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ ರೋಮನ್ನರು ಮಿನರ್ವಾ ದೇವಿಗೆ ಕಟ್ಟಿದ ದೇವಾಲಯ ಅದು. ಇಂದು ಅದರ ಹೆಸರು ಸಾಂತಾ ಮರಿಯಾ ಸೊಪ್ರಾ ಮಿನರ್ವಾ, ಒಳಗೆ ಬಲಿಪೂಜೆ ನಡೆಯುವ ಕಥೋಲಿಕ ಚರ್ಚು. ಮುಂದಿನ ಕಂಬಗಳು ಸೂರ್ಯೋದಯವನ್ನು ಏಳು ಲಕ್ಷಕ್ಕೂ ಹೆಚ್ಚು ಸಲ ಕಂಡಿವೆ. ಅವು ನಿಂತಾಗ ಯೇಸು ಹುಟ್ಟಿರಲೇ ಇಲ್ಲ! 1786ರಲ್ಲಿ ಅಸ್ಸಿಸಿಗೆ ಬಂದ ಜರ್ಮನ್ ಕವಿ ಗಯಟೆ ಫ್ರಾನ್ಸಿಸರ ಬಸಿಲಿಕದ ಕಡೆ ಹೊರಳದೆ ಈ ಕಂಬಗಳನ್ನಷ್ಟೇ ನೋಡಿಕೊಂಡು ಹೋದ. ನೀವು ಹಾಗೆ ಮಾಡಬೇಡಿ, ಎರಡನ್ನೂ ನೋಡಿ. ಮೊದಲು ಮೇಲಿನ ಬಸಿಲಿಕಕ್ಕೆ ಹೋಗಿ, ಚಿತ್ರಕಾರ ಜೊತ್ತೊನದೆಂದು ಹೆಸರಾದ 28 ಚಿತ್ರಗಳಲ್ಲಿ ಮೊದಲನೆಯದರ ಮುಂದೆ ನಿಲ್ಲಿ. ಈ ಮಿನರ್ವಾ ದೇವಾಲಯವನ್ನು ಅದರಲ್ಲಿ ಬರೆದಿದ್ದಾರೆ. ಕಂಬಗಳನ್ನು ಎಣಿಸಿಕೊಂಡು ಚೌಕಕ್ಕೆ ಬಂದು ಮತ್ತೆ ಎಣಿಸಿ. ಚಿತ್ರದಲ್ಲಿರುವುದು ಐದು, ಕಲ್ಲಿನಲ್ಲಿರುವುದು ಆರು.